ಟೊಮೆಟೊ ರೇಟು ಹಿಡಿದು ವೆಕ್ಟರ್, ಮ್ಯಾಟ್ರಿಕ್ಸ್ ಕಲಿಯಿರಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ಮನೆಯಲ್ಲಿ ಬೆಳೆಗಾರರಿದ್ದರೆ ದಿನದ ರೇಟು ಹೇಗೂ ಕಿವಿಗೆ ಬೀಳುತ್ತಿರುತ್ತದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟ ಡಿಗ್ರಿ ಮಕ್ಕಳಿಗೆ ಅಭ್ಯಾಸಕ್ಕೆ ಇಷ್ಟು ಸಾಕು. ಪುಸ್ತಕದ ಲೆಕ್ಕ ತಪ್ಪಿದರೆ ಯಾರಿಗೂ ಗೊತ್ತಾಗಲ್ಲ. ಟೊಮೆಟೊ ರೇಟು ತಪ್ಪಿದರೆ ಮನೆಯವರೇ ಹಿಡಿಯುತ್ತಾರೆ!

ಆರ್ ಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಶುರು ಮಾಡಿದರು. ಅದರ 1.0.0 ಆವೃತ್ತಿ 2000ರಲ್ಲಿ ಬಂತು. ದುಡ್ಡು ಕೊಡಬೇಕಿಲ್ಲ, ಡೌನ್‌ಲೋಡ್ ಮಾಡಿಕೊಂಡರಾಯಿತು. ಇಲ್ಲಿ ಆದೇಶಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ರೇಟುಗಳು ಲೆಕ್ಕಕ್ಕೆಂದು ಇಟ್ಟುಕೊಂಡವು.

ಮೊದಲು ವೆಕ್ಟರ್, ಅಂದರೆ ಸಾಲಾಗಿ ಜೋಡಿಸಿದ ಒಂದು ಪಟ್ಟಿ. ಚಿಕ್ಕಕ್ಷರದ ಸಿ ಬರೆದು, ಬ್ರಾಕೆಟ್ಟಿನಲ್ಲಿ ಆರು ದಿನದ ರೇಟು ಕೊಡಿ: 320, 350, 300, 410, 380, 340. ಇದಕ್ಕೆ ‘ರೇಟ್’ ಎಂದು ಹೆಸರಿಡಿ. ಮೀನ್ ಎಂದು ಕೇಳಿದರೆ ಸರಾಸರಿ 350 ಬರುತ್ತದೆ. ರೇಟನ್ನು 15ರಿಂದ ಭಾಗಿಸಿ. ಆರೂ ದಿನದ ಕೆ.ಜಿ. ದರ ಒಂದೇ ಏಟಿಗೆ ಸಿಗುತ್ತದೆ, ಮೂರನೇ ದಿನದ್ದು 20 ರೂಪಾಯಿ. ಒಂದೊಂದೇ ದಿನಕ್ಕೆ ಲೆಕ್ಕ ಹಾಕಿಸುವ ಗೋಜಿಲ್ಲ. ಆ ಮೂರನೇ ದಿನದ ರೇಟೊಂದೇ ಬೇಕಾದರೆ ಹೆಸರಾದ ಮೇಲೆ ಚೌಕ ಬ್ರಾಕೆಟ್ ಹಾಕಿ ಅದರೊಳಗೆ 3 ಬರೆಯಿರಿ. ಪೈಥಾನ್ ಭಾಷೆ ಕಲಿತವರು ಗಮನಿಸಿ, ಇಲ್ಲಿ ಎಣಿಕೆ ಅಲ್ಲಿಯ ಹಾಗೆ 0ಯಿಂದಲ್ಲ, 1ರಿಂದ ಶುರು. ಮೈನಸ್ 3 ಬರೆದರೆ ಮೂರನೆಯದನ್ನು ಬಿಟ್ಟು ಉಳಿದದ್ದು ಬರುತ್ತದೆ.

ಹರಾಜಿಲ್ಲದ ದಿನಕ್ಕೆ ‘ರಜೆ’ ಎಂದು ಬರೆಯಬೇಡಿ. ಒಂದು ಪದ ಸೇರಿದರೂ ಇಡೀ ವೆಕ್ಟರ್ ಅಕ್ಷರವಾಗಿಬಿಡುತ್ತದೆ. ಎನ್ಎ, ಅಂದರೆ ‘ಮಾಹಿತಿ ಇಲ್ಲ’, ಎಂದು ದೊಡ್ಡಕ್ಷರದಲ್ಲಿ ಹಾಕಿ.

ಈಗ ಹುಷಾರಾಗಿರಬೇಕಾದ ಜಾಗ. ಆರ್ ಎರರ್ ಕೊಟ್ಟರೆ ಭಯವಿಲ್ಲ, ಸುಮ್ನೆ ತಪ್ಪು ಉತ್ತರ ಕೊಟ್ಟಾಗಲೇ ಕಷ್ಟ. ಬಾಕ್ಸಿಗೆ ಗಾಡಿ ಬಾಡಿಗೆ ಮೊದಲ ಮೂರು ದಿನ 10, ಆಮೇಲೆ 20 ರೂಪಾಯಿ ಎಂದಿಟ್ಟುಕೊಳ್ಳಿ. ರೇಟಿನಿಂದ 10, 20 ಎಂಬ ಎರಡೇ ಸಂಖ್ಯೆಯ ವೆಕ್ಟರ್ ಕಳೆದರೆ ಏನಾಗುತ್ತದೆ? ಆರ್ ಅದನ್ನೇ ತಿರುಗಿಸಿ ತಿರುಗಿಸಿ ಬಳಸುತ್ತದೆ: 10, 20, 10, 20, 10, 20. ಎರಡನೇ ದಿನಕ್ಕೇ 20 ಹೋಯಿತು! ನಾಲ್ಕು ಸಂಖ್ಯೆ ಕೊಟ್ಟಿದ್ದರೆ ಆರಕ್ಕೆ ಸರಿಹೊಂದದೆ ಎಚ್ಚರಿಕೆಯಾದರೂ ಬರುತ್ತಿತ್ತು. ಎರಡು ಆರರಲ್ಲಿ ಸಮನಾಗಿ ಹೋಗುವುದರಿಂದ ಅದೂ ಇಲ್ಲ. ಆರೂ ದಿನದ ಬಾಡಿಗೆಯನ್ನು ಬಿಡಿಸಿ ಬರೆಯುವುದೇ ವಾಸಿ.

ಇನ್ನು ಮ್ಯಾಟ್ರಿಕ್ಸ್, ಅಂದರೆ ಅಡ್ಡಸಾಲು, ಕಂಬಸಾಲುಗಳ ಕೋಷ್ಟಕ. ಎರಡು ಮಾರುಕಟ್ಟೆ, ಮೂರು ದಿನ. ಕೋಲಾರ 320, 350, 300. ಚಿಂತಾಮಣಿ 310, 340, 290. ಈ ಆರು ರೇಟನ್ನೂ ಸಾಲಾಗಿ ಸೇರಿಸಿ, ಮ್ಯಾಟ್ರಿಕ್ಸ್ ಎಂದು ಬರೆದು, ಎನ್‌ರೋ (ಅಡ್ಡಸಾಲುಗಳ ಸಂಖ್ಯೆ) ಈಕ್ವಲ್ 2 ಎನ್ನಿ. ಬಂದದ್ದನ್ನು ನೋಡಿ: ಮೊದಲ ಅಡ್ಡಸಾಲು 320, 300, 340. ಇದು ಕೋಲಾರದ್ದಲ್ಲ ಅಲ್ವಾ? ನಾವು ಅಡ್ಡಡ್ಡ ಬರೆಯುತ್ತೇವೆ, ಆರ್ ಮೇಲಿಂದ ಕೆಳಕ್ಕೆ ಕಂಬಸಾಲು ತುಂಬುತ್ತದೆ. ಎಲ್ಲ ಸಂಖ್ಯೆಯೂ ರೇಟಿನ ಹಾಗೇ ಕಾಣುವುದರಿಂದ ಅನುಮಾನವೂ ಬರಲ್ಲ. ಬೈರೋ ಈಕ್ವಲ್ ಟ್ರೂ ಎಂದು ಸೇರಿಸಿದರೆ ಸರಿಹೋಗುತ್ತದೆ, ಟ್ರೂ ದೊಡ್ಡಕ್ಷರದಲ್ಲಿರಲಿ. ನನ್ನ ಕೇಳಿದರೆ, ಎರಡು ಊರಿಗೂ ಬೇರೆ ಬೇರೆ ವೆಕ್ಟರ್ ಮಾಡಿ ಆರ್‌ಬೈಂಡ್‌ನಿಂದ ಜೋಡಿಸುವುದು ಒಳ್ಳೆಯದು. ಊರಿನ ಹೆಸರು ಅಡ್ಡಸಾಲಿಗೆ ತಾನೇ ಅಂಟಿಕೊಳ್ಳುತ್ತದೆ. ಚೌಕ ಬ್ರಾಕೆಟ್ಟಿನಲ್ಲಿ 2, 3 ಎಂದರೆ ಎರಡನೇ ಅಡ್ಡಸಾಲು, ಮೂರನೇ ಕಂಬಸಾಲು, ಅಂದರೆ ಚಿಂತಾಮಣಿಯ 290.

ಕೊನೆಯದಾಗಿ ಗುಣಾಕಾರ. ಮೂರು ದಿನ ಕ್ರಮವಾಗಿ 40, 25, 60 ಬಾಕ್ಸ್ ಕಳಿಸುತ್ತೀರಿ. ಯಾವ ಊರಿಗೆ ಕಳಿಸಿದರೆ ಎಷ್ಟು ಬರುತ್ತದೆ? ಶೇಕಡಾ ಗುರುತು, ನಕ್ಷತ್ರ, ಮತ್ತೆ ಶೇಕಡಾ ಗುರುತು, ಈ ಮೂರನ್ನೂ ಒತ್ತಾಗಿ ಬರೆದು ಮ್ಯಾಟ್ರಿಕ್ಸನ್ನು ಬಾಕ್ಸಿನ ವೆಕ್ಟರಿನಿಂದ ಗುಣಿಸಿ. ಆಯಾ ದಿನದ ರೇಟನ್ನು ಆ ದಿನದ ಬಾಕ್ಸಿನಿಂದ ಗುಣಿಸಿ ಕೂಡಿ, ಕೋಲಾರಕ್ಕೆ 39,550, ಚಿಂತಾಮಣಿಗೆ 38,300 ಎಂದು ಕೊಡುತ್ತದೆ. ಬರೀ ನಕ್ಷತ್ರ ಹಾಕಿದರೆ ಬಾಕ್ಸುಗಳು ಮತ್ತೆ ಕಂಬಸಾಲಿನ ದಾರಿ ಹಿಡಿಯುತ್ತವೆ. ಮೊದಲ ದಿನದ ಚಿಂತಾಮಣಿ ರೇಟಿಗೆ ಎರಡನೇ ದಿನದ 25 ಬಾಕ್ಸ್ ಗಂಟುಬೀಳುತ್ತದೆ, ಎಚ್ಚರಿಕೆಯೂ ಬರಲ್ಲ. ಅದಕ್ಕೆ ಒಂದು ಊರಿನ ಮೊತ್ತವನ್ನಾದರೂ ಮೊದಲು ಕೈಯಲ್ಲೇ ಕೂಡಿ ಇಟ್ಟುಕೊಳ್ಳಿ.