ಮೊದಲು ಎಣಿಕೆ, ಆಮೇಲೆ ಯಂತ್ರ: ತುಮಕೂರಿನ ವೃತ್ತಗಳಲ್ಲಿ ಸಂಚಾರ ದಟ್ಟಣೆ ಇಳಿಸುವ ಕ್ರಮ

ತುಮಕೂರಿನಲ್ಲಿ ಸಂಚಾರ ದಟ್ಟಣೆಯ ಮಾತು ಬಂದಾಗಲೆಲ್ಲ ರಸ್ತೆ ಅಗಲೀಕರಣ, ಮೇಲ್ಸೇತುವೆ ಅಥವಾ ಇನ್ನಷ್ಟು ಕ್ಯಾಮೆರಾಗಳ ಬೇಡಿಕೆಯೇ ಮೊದಲು ಕೇಳಿಬರುತ್ತದೆ. ಬಟವಾಡಿಯಿಂದ ಭದ್ರಮ್ಮ ವೃತ್ತ, ಟೌನ್‌ಹಾಲ್ ದಾಟಿ ಗುಬ್ಬಿ ಗೇಟ್‌ವರೆಗೆ ಬಿ.ಎಚ್. ರಸ್ತೆಯ ಎರಡೂ ಬದಿಗೆ ಕಟ್ಟಡಗಳು ಒತ್ತಾಗಿ ನಿಂತಿರುವಾಗ ಅಗಲೀಕರಣ ಎಷ್ಟು ದುಬಾರಿಯೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇರುವ ರಸ್ತೆಯಲ್ಲೇ ಇರುವ ಸಿಗ್ನಲ್‌ಗಳ ಸೆಕೆಂಡುಗಳನ್ನು ಸರಿಯಾಗಿ ಹಂಚುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ; ತಂತ್ರಜ್ಞಾನವನ್ನು ಮೊದಲು ತೊಡಗಿಸಬೇಕಾದದ್ದೂ ಅಲ್ಲಿಯೇ. ವಾರ್ಡ್ ಸಮಿತಿಯ ಸದಸ್ಯರು, ಬಡಾವಣೆಗಳ ನಿವಾಸಿ ಸಂಘಗಳು, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಪಾಲಿಕೆಯ ಕಿರಿಯ ಎಂಜಿನಿಯರ್‌ಗಳು ಈ ಕೆಲಸವನ್ನು ಹೇಗೆ ಶುರುಮಾಡಬಹುದು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಮೊದಲ ಕೆಲಸ ಎಣಿಕೆ. ಒಂದೇ ಒಂದು ವೃತ್ತವನ್ನು ಆರಿಸಿಕೊಳ್ಳಿ. ಸಂಚಾರ ಪೊಲೀಸ್ ಠಾಣೆಗೆ ಮೊದಲೇ ಪತ್ರ ಕೊಟ್ಟು, ವೃತ್ತದ ಪಕ್ಕದ ಕಟ್ಟಡದ ಮೊದಲ ಮಹಡಿಯಿಂದ ನಾಲ್ಕೂ ದಿಕ್ಕು ಕಾಣುವಂತೆ ಮೊಬೈಲನ್ನು ಸ್ಟ್ಯಾಂಡಿಗೆ ಕೂರಿಸಿ ವಿಡಿಯೊ ತೆಗೆಯಿರಿ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ, ಮಧ್ಯಾಹ್ನ ಎರಡರಿಂದ ಮೂರು, ಸಂಜೆ ಐದರಿಂದ ಎಂಟು: ಈ ಮೂರು ಹೊತ್ತುಗಳು ಬೇಕೇ ಬೇಕು. ಮಧ್ಯಾಹ್ನದ ಎಣಿಕೆಯನ್ನು ದಂಡವೆಂದು ಕೈಬಿಡುವವರೇ ಹೆಚ್ಚು, ಆದರೆ ಅದರ ಉಪಯೋಗ ಮುಂದೆ ಕಾಣುತ್ತದೆ. ವಿಡಿಯೊ ನೋಡುತ್ತ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಬೈಕು, ಆಟೊ, ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರುಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ವಾಹನ ಗುರುತಿಸುವ ತಂತ್ರಾಂಶಗಳು ಈ ಎಣಿಕೆಯನ್ನು ತಾವೇ ಮಾಡುತ್ತವೆಯಾದರೂ ಒತ್ತೊತ್ತಾಗಿ ನಿಂತ ಬೈಕುಗಳಲ್ಲಿ ಕೆಲವನ್ನು ಬಿಟ್ಟುಬಿಡುವುದುಂಟು. ಆದ್ದರಿಂದ ಒಂದೆರಡು ತುಣುಕುಗಳನ್ನಾದರೂ ಕೈಯಿಂದ ಎಣಿಸಿ ತಾಳೆ ನೋಡಬೇಕು. ಎಣಿಕೆ ಮುಗಿದ ಮೇಲೆ ನಂಬರ್ ಪ್ಲೇಟು ಮತ್ತು ಮುಖಗಳು ಕಾಣುವ ವಿಡಿಯೊವನ್ನು ಅಳಿಸಿಬಿಡುವುದು ಒಳ್ಳೆಯದು.

ಇಲ್ಲಿ ಅನುಭವಿಗಳೂ ಎಡವುವ ಒಂದು ಸೂಕ್ಷ್ಮವಿದೆ. ಹಸಿರು ದೀಪದಲ್ಲಿ ದಾಟಿದ ವಾಹನಗಳನ್ನಷ್ಟೇ ಎಣಿಸಿದರೆ ವೃತ್ತದ ಸಾಮರ್ಥ್ಯ ಗೊತ್ತಾಗುತ್ತದೆಯೇ ಹೊರತು ಬೇಡಿಕೆ ಗೊತ್ತಾಗುವುದಿಲ್ಲ. ದೀಪ ಕೆಂಪಾದಾಗ ದಾಟಲಾಗದೆ ಉಳಿದ ಸಾಲು ಎಲ್ಲಿಯವರೆಗೆ ಇತ್ತು ಎಂಬುದನ್ನೂ ಸಿಗ್ನಲ್ಲಿನ ಪ್ರತಿ ಸುತ್ತಿನಲ್ಲಿ, ಅಂದರೆ ಎಲ್ಲ ದಿಕ್ಕಿಗೂ ಒಮ್ಮೆ ಹಸಿರು ಬಂದುಹೋಗುವ ಅವಧಿಯಲ್ಲಿ, ಗುರುತು ಹಾಕಿಕೊಳ್ಳಬೇಕು. ಇಲ್ಲವಾದರೆ ಅತಿ ಹೆಚ್ಚು ತೊಂದರೆಯಲ್ಲಿರುವ ರಸ್ತೆಯೇ ಕಾಗದದ ಮೇಲೆ ಆರಾಮವಾಗಿ ಇರುವಂತೆ ಕಾಣುತ್ತದೆ.

ಬಸ್ಸನ್ನೂ ಬೈಕನ್ನೂ ಒಂದೇ ಎಂದು ಎಣಿಸಲಾಗದು. ಅದಕ್ಕಾಗಿ ಪ್ಯಾಸೆಂಜರ್ ಕಾರ್ ಯೂನಿಟ್, ಅಂದರೆ ಪಿಸಿಯು ಎಂಬ ಅಳತೆಯಿದೆ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ನಗರ ರಸ್ತೆಗಳ ಮಾರ್ಗಸೂಚಿಯಲ್ಲಿ ಕಾರಿಗೆ 1 ಇದ್ದರೆ, ಒಟ್ಟು ಸಂಚಾರದಲ್ಲಿ ಆಯಾ ವಾಹನದ ಪಾಲು ಶೇ 10 ಮೀರಿದಾಗ ದ್ವಿಚಕ್ರ ವಾಹನಕ್ಕೆ 0.75, ಆಟೊಗೆ 2, ಬಸ್ಸು ಅಥವಾ ಲಾರಿಗೆ 3.7 ಎಂದು ಹಿಡಿಯಲಾಗುತ್ತದೆ. ಸಿಗ್ನಲ್ ಬಳಿ ಬೈಕುಗಳು ಸಂದಿಗಳಲ್ಲಿ ನುಸುಳಿ ಮುಂದೆ ಬಂದು ನಿಲ್ಲುವುದರಿಂದ ಈ ಅಂಕಿಗಳು ಅಲ್ಲಿಗೆ ಯಥಾವತ್ತಾಗಿ ಹೊಂದುವುದಿಲ್ಲ. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ 2017ರಲ್ಲಿ ಹೊರತಂದ, ರಸ್ತೆಗಳ ಸಾಮರ್ಥ್ಯ ಲೆಕ್ಕಹಾಕುವ ಇಂಡೋ-ಎಚ್‌ಸಿಎಂ ಕೈಪಿಡಿಯನ್ನು ಎಂಜಿನಿಯರ್‌ಗಳು ಜೊತೆಗಿಟ್ಟುಕೊಳ್ಳಬೇಕು. ಮೊದಲ ಅಂದಾಜಿಗೆ ಹಳೆಯ ಅಂಕಿಗಳೇ ಸಾಕು.

ಈಗ ಸಿಗ್ನಲ್ಲಿನ ಲೆಕ್ಕ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಒಂದು ದಿಕ್ಕಿನಿಂದ ಗಂಟೆಗೆ ಬರುವ ಪಿಸಿಯುವನ್ನು, ಇಡೀ ಗಂಟೆ ಹಸಿರು ಸಿಕ್ಕರೆ ಆ ದಿಕ್ಕು ದಾಟಿಸಬಲ್ಲ ಪಿಸಿಯುವಿನಿಂದ ಭಾಗಿಸಬೇಕು. ದಾಟಿಸಬಲ್ಲ ಪ್ರಮಾಣ ಸ್ಥೂಲವಾಗಿ ರಸ್ತೆಯ ಪ್ರತಿ ಮೀಟರ್ ಅಗಲಕ್ಕೆ ಗಂಟೆಗೆ 525. ಹೀಗೆ ಬಂದ ಎಲ್ಲ ದಿಕ್ಕುಗಳ ಭಾಗಲಬ್ಧಗಳನ್ನು ಕೂಡಿ, 1ರಿಂದ ಕಳೆದು ಇಟ್ಟುಕೊಳ್ಳಿ. ಒಂದು ಸುತ್ತಿನಲ್ಲಿ ದೀಪ ಬದಲಾಗುವಾಗ ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ, 5 ಕೂಡಿಸಿ, ಮೊದಲು ಇಟ್ಟುಕೊಂಡ ಸಂಖ್ಯೆಯಿಂದ ಭಾಗಿಸಿದರೆ ಸಿಗ್ನಲ್ಲಿನ ಒಂದು ಸುತ್ತು ಎಷ್ಟು ಸೆಕೆಂಡು ಇರಬೇಕೆಂಬುದು ಸಿಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ನಾಲ್ಕು ದಿಕ್ಕಿಗೂ ಸರದಿಯಂತೆ ಹಸಿರು ಬರುವ ವೃತ್ತದಲ್ಲಿ ಮುಖ್ಯರಸ್ತೆಯ ಎರಡು ದಿಕ್ಕುಗಳು ತಲಾ 7 ಮೀಟರ್ ಅಗಲವಿದ್ದು, ಅವುಗಳಲ್ಲಿ ಗಂಟೆಗೆ 900 ಮತ್ತು 800 ಪಿಸಿಯು ಬರುತ್ತದೆ. ಅಡ್ಡರಸ್ತೆಯ ಎರಡು ದಿಕ್ಕುಗಳು ತಲಾ 6 ಮೀಟರ್ ಇದ್ದು, 450 ಮತ್ತು 350 ಬರುತ್ತದೆ ಎನ್ನೋಣ. ಪ್ರತಿ ಸರದಿಗೆ 3 ಸೆಕೆಂಡಿನಂತೆ ವ್ಯರ್ಥ ಸಮಯ 12. ಭಾಗಲಬ್ಧಗಳ ಮೊತ್ತ ಸುಮಾರು 0.72 ಆಗಿ, ಸುತ್ತಿನ ಅವಧಿ 82 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಅದರಲ್ಲಿ ವ್ಯರ್ಥ ಸಮಯ ಕಳೆದು ಉಳಿದ 70 ಸೆಕೆಂಡುಗಳನ್ನು ಆಯಾ ದಿಕ್ಕಿನ ಪಾಲಿಗೆ ತಕ್ಕಂತೆ 24, 21, 14, 11 ಎಂದು ಹಂಚಬೇಕು. ಅದೇ ವೃತ್ತದಲ್ಲಿ ಮಧ್ಯಾಹ್ನ ಮೊತ್ತ 0.5ಕ್ಕೆ ಇಳಿದರೆ 46 ಸೆಕೆಂಡಿನ ಸುತ್ತೇ ಸಾಕು. ಇಡೀ ದಿನಕ್ಕೆ ಒಂದೇ ಅವಧಿ ನಿಗದಿಪಡಿಸಿದ ಸಿಗ್ನಲ್ಲಿನಲ್ಲಿ ಮಧ್ಯಾಹ್ನ ಖಾಲಿ ಅಡ್ಡರಸ್ತೆಗೆ ಹಸಿರು ಉರಿಯುತ್ತಿರುವುದನ್ನೂ ಈಚೆ ಬಿಸಿಲಿನಲ್ಲಿ ಬೈಕುಗಳು ಕಾಯುತ್ತಿರುವುದನ್ನೂ ನೋಡದವರಿಲ್ಲ.

ಈ ಲೆಕ್ಕದಿಂದ ಹೊರಬೀಳುವ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ವೃತ್ತದ ಹತ್ತಿರ ಮುಖ್ಯರಸ್ತೆಯ ಎರಡೂ ದಿಕ್ಕುಗಳಲ್ಲಿ ಬೈಕು ನಿಲ್ಲಿಸಿಯೋ ಆಟೊಗಳು ಕಾದು ನಿಂತೋ ತಲಾ ಒಂದು ಮೀಟರ್ ಅಗಲ ಹೋಯಿತೆನ್ನಿ. ಬರುವ ವಾಹನಗಳು ಒಂದೂ ಹೆಚ್ಚಾಗದಿದ್ದರೂ ಮೊತ್ತ 0.79 ದಾಟಿ, ಸುತ್ತು 82ರಿಂದ 112 ಸೆಕೆಂಡಿಗೆ ಏರುತ್ತದೆ. ಕೃತಕ ಬುದ್ಧಿಮತ್ತೆಯ ಸಿಗ್ನಲ್ ತಂದು ಕೂರಿಸಿದರೂ ಆ ಒಂದು ಮೀಟರನ್ನು ಅದು ಹಿಂದಕ್ಕೆ ಕೊಡಲಾರದು. ಆದ್ದರಿಂದ ಟೌನ್‌ಹಾಲ್‌ನಂಥ ವೃತ್ತದಲ್ಲಿ ಸ್ಟಾಪ್ ಲೈನಿನಿಂದ ಹಿಂದಕ್ಕೆ ಐವತ್ತು ಮೀಟರ್‌ವರೆಗೆ ನಿಲುಗಡೆಯನ್ನು ತಪ್ಪಿಸುವುದು ಹೊಸ ಯಂತ್ರಕ್ಕಿಂತ ಮೊದಲು ಆಗಬೇಕಾದ ಕೆಲಸ. ಕ್ಯಾಮೆರಾಕ್ಕೆ ನಿಜವಾದ ಕೆಲಸವಿರುವುದೂ ಇಲ್ಲಿಯೇ: ಹೆಲ್ಮೆಟ್ ಇಲ್ಲದವರಿಗೆ ದಂಡ ಹಾಕುವುದು ಸುರಕ್ಷತೆಗೆ ಅಗತ್ಯ, ಆದರೆ ಅದರಿಂದ ದಟ್ಟಣೆ ಇಳಿಯುವುದಿಲ್ಲ; ವೃತ್ತದ ಬಾಯಲ್ಲಿ ನಿಂತ ವಾಹನವನ್ನು ಹಿಡಿದರೆ ಇಳಿಯುತ್ತದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮದ ಪ್ರಕಾರ ಇಂಥ ಕ್ಯಾಮೆರಾ ಇರುವ ಕಡೆ ಎಚ್ಚರಿಕೆ ಫಲಕ ಹಾಕಬೇಕು, ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು. ನಿಲ್ಲಿಸಲು ಬೇರೆ ಜಾಗ ತೋರಿಸದೆ ದಂಡ ಹಾಕಿದರೆ ವ್ಯಾಪಾರಿಗಳು ಸಿಡಿದೇಳುವುದು ಸಹಜ. ಹತ್ತಿರದ ನಿಲುಗಡೆ ತಾಣದಲ್ಲಿ ಎಷ್ಟು ಜಾಗ ಖಾಲಿಯಿದೆ ಎಂಬುದನ್ನು ತೋರಿಸುವ ಫಲಕವೂ ಅದರ ಜೊತೆಯಲ್ಲೇ ಬರಬೇಕು.

ಸಗಟು ವ್ಯಾಪಾರದ ಮಂಡಿಪೇಟೆಯ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಸಿಗ್ನಲ್ ಲೆಕ್ಕಕ್ಕಿಂತ ಲಾರಿಗಳ ಹೊತ್ತಿನ ಲೆಕ್ಕ ಮುಖ್ಯ. ಸರಕು ಇಳಿಸಲು ಅಂಗಡಿಗಳು ಮೊಬೈಲಿನಲ್ಲೇ ಮುಂಚಿತವಾಗಿ ಅರ್ಧ ಗಂಟೆಯ ಸರದಿ ಕಾಯ್ದಿರಿಸುವ ವ್ಯವಸ್ಥೆ ಮಾಡಿದರೆ ನಾಲ್ಕು ಲಾರಿಗಳು ಒಟ್ಟಿಗೆ ಬಂದು ಬೀದಿ ಕಟ್ಟುವುದು ತಪ್ಪುತ್ತದೆ. ಹಮಾಲರ ಒಪ್ಪಿಗೆಯಿಲ್ಲದೆ ವೇಳೆ ಗೊತ್ತುಮಾಡಿದರೆ ಅದು ಒಂದು ವಾರವೂ ಉಳಿಯದು.

ಒಂದು ವೃತ್ತ ಸರಿಹೋದ ಮೇಲೆ ಸಾಲಾಗಿರುವ ವೃತ್ತಗಳನ್ನು ಹೊಂದಿಸಬಹುದು. ಎರಡು ಸಿಗ್ನಲ್‌ಗಳ ನಡುವೆ 500 ಮೀಟರ್ ಇದ್ದು, ವಾಹನಗಳು ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗಿದರೆ ಆ ದೂರಕ್ಕೆ 60 ಸೆಕೆಂಡು ಹಿಡಿಯುತ್ತದೆ. ಆದ್ದರಿಂದ ಮುಂದಿನ ಸಿಗ್ನಲ್ಲಿನ ಹಸಿರು 60 ಸೆಕೆಂಡು ತಡವಾಗಿ ಶುರುವಾದರೆ ಮೊದಲನೆಯದನ್ನು ದಾಟಿದ ಗುಂಪು ನಿಲ್ಲದೆ ಸಾಗುತ್ತದೆ. ಇದಕ್ಕೆ ಎರಡೂ ಸಿಗ್ನಲ್‌ಗಳ ಸುತ್ತಿನ ಅವಧಿ ಒಂದೇ ಆಗಿರಬೇಕು, ಎರಡರ ಗಡಿಯಾರಗಳೂ ಜಿಪಿಎಸ್ ಸಮಯಕ್ಕೆ ಹೊಂದಿರಬೇಕು. ಎರಡೂ ದಿಕ್ಕಿಗೆ ಈ ಅನುಕೂಲ ಏಕಕಾಲಕ್ಕೆ ಸಿಗುವುದು ಅಪರೂಪ. ಬೆಳಿಗ್ಗೆ ಯಾವ ದಿಕ್ಕಿಗೆ, ಸಂಜೆ ಯಾವ ದಿಕ್ಕಿಗೆ ಎಂಬುದನ್ನು ಎಣಿಕೆಯೇ ಹೇಳುತ್ತದೆ.

ವಾಹನಗಳ ಸಾಲನ್ನು ನೋಡಿ ತಾನೇ ಅವಧಿ ಬದಲಿಸಿಕೊಳ್ಳುವ ಅಡಾಪ್ಟಿವ್ ಸಿಗ್ನಲ್‌ಗಳ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನ ತಿರುವನಂತಪುರ ಕೇಂದ್ರ ರೂಪಿಸಿದ ಕಾಸಿಕಾಸ್ಟ್ ಎಂಬ ದೇಶೀಯ ತಂತ್ರಾಂಶ ಬೆಂಗಳೂರಿನ ವೃತ್ತಗಳಲ್ಲಿ ಬಳಕೆಗೆ ಬಂದಿದೆ. ತುಮಕೂರಿಗೆ ತರುವುದಾದರೆ ವಾಹನಗಳನ್ನು ಗುರುತಿಸಲು ರಸ್ತೆಯೊಳಗೆ ಹೂಳುವ ಲೂಪ್ ತಂತಿಗಳ ಬದಲು ಕಂಬದ ಮೇಲಿನ ಕ್ಯಾಮೆರಾ ಅಥವಾ ರಾಡಾರ್ ಆರಿಸಿಕೊಳ್ಳುವುದು ಮೇಲು, ಏಕೆಂದರೆ ಒಳಚರಂಡಿಗೆಂದೋ ಕೇಬಲ್ಲಿಗೆಂದೋ ರಸ್ತೆ ಅಗೆದ ದಿನವೇ ಲೂಪ್ ಕತ್ತರಿಸಿಹೋಗುತ್ತದೆ. ಸಂಪರ್ಕ ತಪ್ಪಿದಾಗ ಸಿಗ್ನಲ್ ತಾನಾಗಿಯೇ ನಿಗದಿತ ಅವಧಿಗಳಿಗೆ ಮರಳುವಂತಿರಬೇಕು, ವಿದ್ಯುತ್ ಹೋದಾಗ ಬ್ಯಾಟರಿ ಇರಬೇಕು. ಟೆಂಡರಿನಲ್ಲಿ ಐದು ವರ್ಷಗಳ ನಿರ್ವಹಣೆ ಮತ್ತು ಎಣಿಕೆಯ ದತ್ತಾಂಶ ಪಾಲಿಕೆಯ ಸ್ವತ್ತಾಗಿ ಉಳಿಯುವ ಷರತ್ತು ಇಲ್ಲದಿದ್ದರೆ ಖರೀದಿಗೆ ಸಹಿ ಹಾಕದಿರುವುದೇ ಜಾಣತನ.

ನಗರ ಸಾರಿಗೆ ಬಸ್ಸುಗಳನ್ನು ಮರೆಯುವಂತಿಲ್ಲ. ಮೈಸೂರಿನಲ್ಲಿ 2012ರಿಂದಲೇ ಜಿಪಿಎಸ್ ಆಧಾರಿತ ಬಸ್ ಮಾಹಿತಿ ವ್ಯವಸ್ಥೆ ಬಂದಿತ್ತು. ಬಸ್ಸು ಯಾವಾಗ ಬರುತ್ತದೆಂದು ಗೊತ್ತಾದರೆ ಬೈಕು ಮನೆಯಲ್ಲೇ ಬಿಟ್ಟು ಬರುವವರು ಇದ್ದಾರೆ. ಬಸ್ಸು ಸಿಗ್ನಲ್ ಹತ್ತಿರ ಬಂದಾಗ ಹಸಿರನ್ನು ಎಂಟು ಹತ್ತು ಸೆಕೆಂಡು ಮುಂದುವರಿಸುವುದು ಅದೇ ಜಿಪಿಎಸ್‌ನಿಂದ ಸಾಧ್ಯ.

ಶಿವರಾತ್ರಿಯ ಸಿದ್ಧಗಂಗೆ ಜಾತ್ರೆಯ ದಿನಗಳಲ್ಲಿ ಕ್ಯಾತ್ಸಂದ್ರದ ಕಡೆಯ ಲೆಕ್ಕವೇ ಬೇರೆಯಾಗುವುದರಿಂದ ಅದಕ್ಕೊಂದು ಪ್ರತ್ಯೇಕ ಸಿಗ್ನಲ್ ಯೋಜನೆಯನ್ನು ಮೊದಲೇ ಸಿದ್ಧಪಡಿಸಿ ನಿಯಂತ್ರಣ ಕೇಂದ್ರದಲ್ಲಿ ಇಟ್ಟಿರಬೇಕು.

ಕೊನೆಗೆ, ಮಾಡಿದ ಬದಲಾವಣೆ ಫಲ ಕೊಟ್ಟಿತೇ ಎಂದು ತಿಳಿಯುವ ಬಗೆ. ಬದಲಾವಣೆಗೆ ಮೊದಲಿನ ಎರಡು ವಾರ, ನಂತರದ ಎರಡು ವಾರ, ದಿನವೂ ಒಂದೇ ಹೊತ್ತಿಗೆ ಬಟವಾಡಿಯಿಂದ ಗುಬ್ಬಿ ಗೇಟಿಗೆ ಗೂಗಲ್ ಮ್ಯಾಪ್ಸ್ ತೋರಿಸುವ ಪ್ರಯಾಣದ ನಿಮಿಷಗಳನ್ನು ಬರೆದಿಡಿ; ಜೊತೆಗೆ ಅಡ್ಡರಸ್ತೆಗಳ ಸಾಲಿನ ಉದ್ದವನ್ನೂ ಪಾದಚಾರಿಗಳು ದಾಟಲು ಕಾದ ಸಮಯವನ್ನೂ ಬರೆದಿಡಿ, ಇಲ್ಲವಾದರೆ ಮುಖ್ಯರಸ್ತೆಯ ಲಾಭವೆಲ್ಲ ಅವರ ನಷ್ಟದಿಂದ ಬಂದದ್ದೋ ಎಂಬುದು ಗೊತ್ತಾಗುವುದಿಲ್ಲ. ಈ ಪಟ್ಟಿಯನ್ನು ಎಣಿಕೆಯ ಹಾಳೆಗಳೊಂದಿಗೆ ಸಂಚಾರ ಪೊಲೀಸರಿಗೂ ಪಾಲಿಕೆ ಆಯುಕ್ತರಿಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಒಟ್ಟಿಗೆ ಸಲ್ಲಿಸಿ, ಶಾಲಾ ಕಾಲೇಜುಗಳು ತೆರೆದು ಸಂಚಾರ ಒಂದು ಹದಕ್ಕೆ ಬರುವ ಜುಲೈ ತಿಂಗಳಲ್ಲಿ ಪ್ರತಿವರ್ಷ ಮರು ಎಣಿಕೆ ನಡೆಸಬೇಕೆಂದು ಕೇಳಿ.