18ನೇ ಕಿಲೋಮೀಟರ್‌ವರೆಗೆ ಶೂ ಚೆನ್ನಾಗೇ ಇತ್ತು

ಮ್ಯಾರಥಾನ್‌ಗೆ ಇನ್ನೂ ಹನ್ನೊಂದು ವಾರ ಇತ್ತು. ನನ್ನ ಹಳೇ ಶೂ 700 ಕಿಲೋಮೀಟರ್ ದಾಟಿತ್ತು. ಮೇಲಿಂದ ನೋಡಿದರೆ ಏನೂ ಆಗಿರಲಿಲ್ಲ, ತಳದ ರಬ್ಬರ್ ಹಿಮ್ಮಡಿಯ ಹೊರಮೂಲೆಯಲ್ಲಿ ಸ್ವಲ್ಪ ಸವೆದಿತ್ತು ಅಷ್ಟೇ. ಆದರೆ ದೂರ ಓಡಿದ ಮಾರನೇ ದಿನ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಉದ್ದಕ್ಕೂ ನೋವು ಶುರುವಾಗಿತ್ತು. ಓಟದ ಶೂ 500ರಿಂದ 800 ಕಿಲೋಮೀಟರ್ ಬಾಳುತ್ತದೆ ಅಂತಾರೆ. ಮೊದಲು ಕೈಕೊಡುವುದು ಒಳಗಿನ ಫೋಮ್, ಅದು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೇ ಗೊತ್ತಾಗಬೇಕು.

ಹೊಸದನ್ನು ತಂದೆ. ಮೊದಲ ದಿನ 6 ಕಿಲೋಮೀಟರ್. ಎಷ್ಟು ಹಗುರ ಅಂದರೆ, ಇಷ್ಟು ದಿನ ಸುಮ್ನೆ ಭಾರ ಹೊತ್ತೆ ಅನಿಸಿತು. ಆ ಖುಷಿಯಲ್ಲಿ ಅದೇ ಭಾನುವಾರ ಅದನ್ನೇ ಹಾಕಿಕೊಂಡು 26 ಕಿಲೋಮೀಟರ್‌ಗೆ ಹೊರಟೆ. 18ರವರೆಗೆ ಯಾವ ತಕರಾರೂ ಇಲ್ಲ. ಆಮೇಲೆ ಮೀನಖಂಡ ಬಿಗಿಯತೊಡಗಿತು, 20ರ ಹೊತ್ತಿಗೆ ಎಡಗಾಲಿನ ಕಿರುಬೆರಳ ಹತ್ತಿರ ಕೆಂಡ ಇಟ್ಟ ಹಾಗೆ ಉರಿ, ಕೊನೆಯ ನಾಲ್ಕು ಕಿಲೋಮೀಟರ್ ನಡೆದುಕೊಂಡೇ ಬಂದೆ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ಏಡಿ ತರಹ ಅಡ್ಡಡ್ಡ ಇಳಿದೆ. ಒಂದು ವಾರ ಓಟವೇ ಇಲ್ಲ.

ಆ ವಾರ ಕೂತು ನೋಡಿದಾಗ ಗೊತ್ತಾಗಿದ್ದು ಡ್ರಾಪ್ ವಿಷಯ. ಹಿಮ್ಮಡಿ ಕೆಳಗಿನ ದಪ್ಪಕ್ಕೂ ಮುಂಗಾಲಿನ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸವೇ ಡ್ರಾಪ್. ನನ್ನ ಹಳೇ ಶೂನಲ್ಲಿ ಅದು 10 ಮಿಲಿಮೀಟರ್ ಇತ್ತು, ಹೊಸದರಲ್ಲಿ 4. ಆರು ಮಿಲಿಮೀಟರ್ ಏನು ಮಹಾ ಅನಿಸುತ್ತದೆ ಅಲ್ವಾ? ಹಿಮ್ಮಡಿ ಅಷ್ಟು ಕೆಳಗೆ ಹೋದರೆ ಪ್ರತಿ ಹೆಜ್ಜೆಗೂ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಅಕಿಲಿಸ್ ಟೆಂಡನ್ ಜಾಸ್ತಿ ಹಿಗ್ಗಬೇಕು. 26 ಕಿಲೋಮೀಟರ್‌ಗೆ ಸಾವಿರಾರು ಹೆಜ್ಜೆ, ಲೆಕ್ಕ ಹಾಕಿಕೊಳ್ಳಿ.

ಶೂ ಬಿಸಾಡಲಿಲ್ಲ. ಎರಡೂ ಜೋಡಿ ಇಟ್ಟುಕೊಂಡು, ಹೊಸದನ್ನು ವಾರಕ್ಕೆ ಒಂದು ಸಲ, ಆಮೇಲೆ ಎರಡು ಸಲ, ಅದೂ ಚಿಕ್ಕ ಓಟಕ್ಕೆ ಮಾತ್ರ ಹಾಕಿದೆ. ಮಾರನೇ ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ನಾಲ್ಕು ಹೆಜ್ಜೆಯೇ ನನ್ನ ಪರೀಕ್ಷೆ. ಹಿಮ್ಮಡಿ ಹಿಂದೆ ಹಿಡಿದುಕೊಂಡ ಹಾಗಾದರೆ ದೂರ ಹೆಚ್ಚಿಸುವುದಿಲ್ಲ, ಅಷ್ಟೇ.

ಆದರೆ ಚಿಕ್ಕ ಓಟದಲ್ಲಿ ಶೂ ಕಚ್ಚುತ್ತದೋ ಇಲ್ಲವೋ ಗೊತ್ತಾಗುವುದೇ ಇಲ್ಲ. ತುಂಬಾ ಹೊತ್ತು ಓಡಿದರೆ ಪಾದ ಊದುತ್ತದೆ, ಸುಸ್ತಾದ ಮೇಲೆ ಹೆಜ್ಜೆ ಬೀಳುವ ರೀತಿಯೂ ಬದಲಾಗುತ್ತದೆ. ಹಾಗಂತ ಹೊಸ ಶೂನಲ್ಲಿ ಮತ್ತೆ 26 ಓಡುವ ಧೈರ್ಯ ಇರಲಿಲ್ಲ. ಅದಕ್ಕೆ ಹೀಗೆ ಮಾಡಿದೆ: ಹಳೇ ಶೂನಲ್ಲಿ 18 ಕಿಲೋಮೀಟರ್ ಓಡಿ, ಸುತ್ತು ಹೊಡೆದು ಮನೆ ಬಾಗಿಲಿಗೇ ಬಂದು, ಅಲ್ಲೇ ಶೂ ಬದಲಿಸಿ, ಉಳಿದ 6 ಕಿಲೋಮೀಟರ್ ಹೊಸದರಲ್ಲಿ ಮುಗಿಸಿದೆ. ಊದಿದ, ದಣಿದ ಪಾದವನ್ನು ಹೊಸ ಶೂಗೆ ತುರುಕಿದಾಗ ಎರಡೇ ನಿಮಿಷದಲ್ಲಿ ಎಲ್ಲ ಬಯಲಾಯಿತು. ಹೆಬ್ಬೆರಳು ಮುಂದಕ್ಕೆ ತಗಲುತ್ತಿತ್ತು. ಅಂಗಡಿಯಲ್ಲಿ ಬೆಳಗ್ಗೆ, ತೆಳು ಸಾಕ್ಸ್‌ನಲ್ಲಿ, ಕೂತುಕೊಂಡೇ ಹಾಕಿ ನೋಡಿದ್ದೆ. ತಪ್ಪು ನನ್ನದೇ.

ಕಿರುಬೆರಳ ಉರಿಗೆ ಲೇಸ್‌ನಲ್ಲೇ ಪರಿಹಾರ ಸಿಕ್ಕಿತು. ಆ ಬೆರಳಿನ ಪಕ್ಕದ ಒಂದು ತೂತು ಬಿಟ್ಟು ಲೇಸ್ ಪೋಣಿಸಿದೆ, ಒತ್ತಡ ಹೋಯಿತು. ಹಿಮ್ಮಡಿ ಜಾರುತ್ತಿದ್ದದ್ದಕ್ಕೆ ಮೇಲ್ತುದಿಯಲ್ಲಿ ಇರುವ ಆ ಹೆಚ್ಚುವರಿ ತೂತು. ಅದು ಯಾಕಿದೆ ಅಂತ ನಾನು ವರ್ಷಗಟ್ಟಲೆ ಯೋಚಿಸಿರಲೇ ಇಲ್ಲ! ಅದರಲ್ಲಿ ಚಿಕ್ಕ ಕುಣಿಕೆ ಮಾಡಿ, ಎದುರಿನ ಲೇಸ್ ಅದರೊಳಗೆ ತೂರಿಸಿ ಎಳೆದರೆ ಹಿಮ್ಮಡಿ ಗಟ್ಟಿಯಾಗಿ ಕೂರುತ್ತದೆ. ಉದ್ದ ಕಡಿಮೆ ಇದ್ದರೆ ಮಾತ್ರ ಯಾವ ಗಂಟೂ ಕೆಲಸಕ್ಕೆ ಬರುವುದಿಲ್ಲ. ಹೆಬ್ಬೆರಳ ಉಗುರು ಕಪ್ಪಾದ ಮೇಲೆ ಅದೇ ಮಾಡೆಲ್ಲನ್ನು ಅರ್ಧ ಸೈಜ್ ದೊಡ್ಡದು ತಗೊಂಡೆ. ಈ ಸಲ ಸಂಜೆ, ಓಡುವ ಸಾಕ್ಸ್ ಹಾಕಿಕೊಂಡು, ನಿಂತು, ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗ ಇದೆಯಾ ಅಂತ ನೋಡಿಕೊಂಡೆ.

ಮಧ್ಯದಲ್ಲಿ ಕಾರ್ಬನ್ ಪ್ಲೇಟ್ ಶೂ, ಅಂದರೆ ದಪ್ಪ ಫೋಮ್ ಒಳಗೆ ಗಡಸು ಕಾರ್ಬನ್ ಹಾಳೆ ಇರುವ ವೇಗದ ಶೂ, ಅದರ ಆಸೆಯೂ ಬಂದಿತ್ತು. ರಸ್ತೆ ಓಟದ ಶೂ ತಳ 40 ಮಿಲಿಮೀಟರ್‌ಗಿಂತ ದಪ್ಪ ಇರಬಾರದು ಅಂತ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ನಿಯಮ ಮಾಡಬೇಕಾಯಿತಲ್ಲ, ಆ ಜಾತಿಯವು. ಸ್ನೇಹಿತನದ್ದು ಹಾಕಿ 3 ಕಿಲೋಮೀಟರ್ ಓಡಿದೆ. ನೇರ ರಸ್ತೆಯಲ್ಲಿ ಮಜಾ, ತಿರುವಿನಲ್ಲಿ ನನ್ನ ವೇಗಕ್ಕೆ ಕಣಕಾಲು ಅಲ್ಲಾಡಿತು. ವಾಪಸ್ ಕೊಟ್ಟೆ. ಇನ್ನೊಬ್ಬ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದಿಲ್ವಾ, ನಿನ್ನದೆಲ್ಲ ಅತಿ ಅಂದ. ಗೆದ್ದರು ನಿಜ, 2 ಗಂಟೆ 15 ನಿಮಿಷದಲ್ಲಿ. ಆದರೆ ಬರಿಗಾಲ ಓಟ ಅವರಿಗೆ ಅವತ್ತು ಹೊಸದಾಗಿರಲಿಲ್ಲವಲ್ಲ!

ದೊಡ್ಡ ಸೈಜಿನ ಜೋಡಿ ಬಂದಾಗ ಐದು ವಾರ ಉಳಿದಿತ್ತು. ಮೀನಖಂಡ ಅಷ್ಟರಲ್ಲಿ ಒಗ್ಗಿದ್ದರಿಂದ ಬೇಗ ಹೊಂದಿಕೊಂಡಿತು. ಮೂರು ವಾರ ಮುಂಚೆ ಪೂರ್ತಿ 32 ಕಿಲೋಮೀಟರ್ ಅದರಲ್ಲೇ ಓಡಿದೆ, ಬೇಕಂತಲೇ ಮಳೆ ಬರುವ ದಿನ ನೋಡಿ. ಒದ್ದೆ ಸಾಕ್ಸ್‌ನಲ್ಲಿ ಉಜ್ಜುವುದು ಬೇರೆ ಥರ, ಅದೂ ಗೊತ್ತಿರಲಿ ಅಂತ.

ಸ್ಪರ್ಧೆಯ ದಿನ 18ನೇ ಕಿಲೋಮೀಟರ್ ಫಲಕ ಕಂಡಾಗ ಒಮ್ಮೆ ಕೆಳಗೆ ನೋಡಿಕೊಂಡೆ, ಏನೂ ಇಲ್ಲ. 42.195 ಕಿಲೋಮೀಟರ್‌ಗೆ ಎದ್ದದ್ದು ಒಂದೇ ಗುಳ್ಳೆ, ಬಲ ಹಿಮ್ಮಡಿಯಲ್ಲಿ. ಅದಕ್ಕೂ ಶೂ ಕಾರಣ ಅಲ್ಲ, ಬೆಳಗ್ಗೆ ಅವಸರದಲ್ಲಿ ಸಾಕ್ಸ್ ಮಡಚಿಕೊಂಡಿತ್ತು.