ಪೈನ್ ಮೊಳಕೆಯ ಟೊಪ್ಪಿಗೆಗೆ ಕೈ ಹಾಕಬೇಡಿ

ಬಳ್ಳಾರಿಯ ಶಾಲೆಗಳ ವಿಜ್ಞಾನ ಮೇಳಕ್ಕೆ ಶೇಂಗಾ, ಹೆಸರುಕಾಳಿನ ಜೊತೆ ಪೈನ್ ಮೊಳಕೆಯನ್ನೂ ಇಡುವ ಆಸೆ ಮಕ್ಕಳಿಗಿರುತ್ತದೆ. ಬೀಜ ಮೊಳೆಯುತ್ತದೆ, ಸಸಿ ಮಾತ್ರ ಉಳಿಯುವುದಿಲ್ಲ. ಹೆಚ್ಚಿನವು ಸಾಯುವುದು ನಮ್ಮ ಬೆರಳುಗಳ ಅವಸರಕ್ಕೆ.

ಬೀಜ: ಹಿಮಾಲಯದ ಚೀರ್ ಪೈನ್ ಬೀಜವನ್ನೇ ತನ್ನಿ. ಚಿಲ್ಗೋಜಾ ಕೂಡ ಒಂದು ಬಗೆಯ ಪೈನ್ ಬೀಜವೇ, ಆದರೆ ಒಣಹಣ್ಣಿನ ಅಂಗಡಿಯ ಹುರಿದ ಚಿಲ್ಗೋಜಾದಲ್ಲಿ ಭ್ರೂಣ ಸತ್ತಿರುತ್ತದೆ. ಬಣ್ಣದ ಚಿತ್ರ ತೋರಿಸಿ ಆನ್‌ಲೈನ್‌ನಲ್ಲಿ ಮಾರುವ 'ನೀಲಿ ಸ್ಪ್ರೂಸ್' ಪೊಟ್ಟಣಗಳಿಗೆ ಹಣ ಸುರಿಯಬೇಡಿ. ಅದು ಚಳಿನಾಡಿನ ಮರ.

ಬಿತ್ತನೆ: ಡಿಸೆಂಬರ್‌ನಲ್ಲಿ, ಒಂದು ದಿನ ನೆನೆಸಿ, ಮರಳಿಗೆ ಸ್ವಲ್ಪ ಕೆಂಪು ಮಣ್ಣು ಬೆರೆಸಿ, ಒಂದು ಸೆಂಟಿಮೀಟರ್ ಆಳಕ್ಕೆ. ಎರೆಮಣ್ಣು ಬೇಡವೇ ಬೇಡ, ನೀರು ನಿಂತು ಬುಡ ಕೊಳೆಯುತ್ತದೆ.

ಇನ್ನು ಎಲ್ಲರೂ ಎಡವುವ ಹಂತ. ಮೊಳಕೆ ಮೇಲೆದ್ದಾಗ ಬೀಜದ ಸಿಪ್ಪೆ ಅದರ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುತ್ತದೆ. ಸಸಿಗೆ ಉಸಿರುಗಟ್ಟುತ್ತಿದೆ ಎಂದುಕೊಂಡು ಅದನ್ನು ಕೀಳುತ್ತಾರೆ. ಶೇಂಗಾದ ಆಹಾರ ಅದರ ಎರಡು ಬೇಳೆಗಳಲ್ಲೇ ಇರುತ್ತದೆ. ಪೈನ್ ಬೀಜದ ಆಹಾರವಿರುವುದು ಭ್ರೂಣವನ್ನು ಸುತ್ತುವರಿದ ಬಿಳಿ ತಿರುಳಿನಲ್ಲಿ, ಎಣ್ಣೆ ಮತ್ತು ಪ್ರೋಟೀನ್ ಆಗಿ. ಆ ಪ್ರೋಟೀನ್‌ನ ಬಹುಭಾಗ ಕರಗುವುದು ಬೇರು ಹೊರಬಂದ ಮೇಲೆ. ಕಿಣ್ವಗಳು ಅದನ್ನು ಅಮೈನೊ ಆಮ್ಲಗಳಾಗಿ ಒಡೆಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಆರ್ಜಿನೈನ್. ಅದರ ಒಂದು ಅಣುವಿನಲ್ಲಿ 4 ಸಾರಜನಕ ಪರಮಾಣುಗಳಿವೆ. ಸೂಜಿಯಂಥ ಬೀಜದಳಗಳು ಸಿಪ್ಪೆಯೊಳಗೆ ತುದಿ ಇಟ್ಟುಕೊಂಡಿರುವುದು ಈ ತಿರುಳಿನ ಸಾರ ಹೀರಲಿಕ್ಕೆ. ಸಸಿಯಲ್ಲಿ ಆರ್ಜಿನೇಸ್ ಎಂಬ ಕಿಣ್ವ ಆರ್ಜಿನೈನನ್ನು ಆರ್ನಿಥಿನ್ ಮತ್ತು ಯೂರಿಯಾ ಆಗಿ ಸೀಳುತ್ತದೆ. ಯೂರಿಯೇಸ್ ಆ ಯೂರಿಯಾದಿಂದ ಅಮೋನಿಯಾ ಬಿಡಿಸುತ್ತದೆ. ಹೊಸ ಪ್ರೋಟೀನ್ ಕಟ್ಟಲು ಬೇಕಾದ ಸಾರಜನಕ ಹೀಗೆ ಸಿಗುತ್ತದೆ.

ಟೊಪ್ಪಿಗೆ ಕಿತ್ತರೆ ಉಳಿದ ತಿರುಳೂ ಹೋಯಿತು, ಬೀಜದಳಗಳೂ ಮುರಿದವು. ತಿರುಳು ಬರಿದಾದ ಮೇಲೆ ಸಿಪ್ಪೆ ತಾನಾಗಿ ಬೀಳುತ್ತದೆ. ನಮ್ಮ ಒಣಗಾಳಿಗೆ ಅದು ಬಿರುಸಾಗಿ ಅಂಟಿಕೊಂಡರೆ ಬೆಳಿಗ್ಗೆ, ಸಂಜೆ ನೀರು ಸಿಂಪಡಿಸಿ ಮೆತ್ತಗಾಗಿಸಿ, ಅಷ್ಟೇ. ಪಿನ್ನು, ಚಿಮಟ ಯಾವುದೂ ಬೇಡ.

ಗದ್ದೆಯ ಅಭ್ಯಾಸದಲ್ಲಿ ಒಂದು ಚಿಟಿಕೆ ಯೂರಿಯಾ ಹಾಕುವವರೂ ಇದ್ದಾರೆ. ಸಸಿ ತನಗೆ ಬೇಕಾದ ಯೂರಿಯಾವನ್ನು ಒಳಗೇ ಮಾಡಿಕೊಳ್ಳುತ್ತಿರುವಾಗ ಹೊರಗಿನದು ಎಳೆಬೇರನ್ನು ಸುಡುತ್ತದೆ. ಉಪ್ಪಿನಂಶದ ಬೋರ್‌ವೆಲ್ ನೀರೂ ಒಳ್ಳೆಯದಲ್ಲ.

ಸಿಪ್ಪೆ ಬಿದ್ದ ಮೇಲೆ ಎಳೆಬಿಸಿಲಿಗೆ ಇಡಿ. ಬೀಜದಳಗಳ ನಡುವೆ ಹೊಸ ಸೂಜಿ ಎಲೆಗಳು ಕಂಡ ನಂತರವೇ ತೆಳು ಗೊಬ್ಬರದ ನೀರು ಕೊಡಿ.